ರಿಸೀವರಿನ ಕಿವಿ ಮತ್ತು ಫಿಲ್ಟರಿನ ಜಾಗ: ಹ್ಯಾಮ್ ಟ್ರಾನ್ಸೀವರಿನ ಒಂದು ಮಾರ್ಪಾಡಿನ ಸುತ್ತ

ಹವ್ಯಾಸಿ (ಹ್ಯಾಮ್) ರೇಡಿಯೋ ಟ್ರಾನ್ಸೀವರಿನಲ್ಲಿ, ಅಂದರೆ ಪ್ರಸಾರವನ್ನೂ ಗ್ರಹಣವನ್ನೂ ಮಾಡುವ ಸೆಟ್ಟಿನಲ್ಲಿ, ದೂರದ ಕೇಂದ್ರಗಳು ಚೆನ್ನಾಗಿ ಕೇಳಿಸುತ್ತಿಲ್ಲ ಎಂದಾಗ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಆಂಟೆನಾ ಮತ್ತು ಸೆಟ್ಟಿನ ನಡುವೆ ಸಂಕೇತವನ್ನು ಹಿಗ್ಗಿಸುವ ಒಂದು ಪ್ರೀಆಂಪ್ಲಿಫೈಯರ್ ಸೇರಿಸುವ ಉಪಾಯ. ವಿಎಚ್‌ಎಫ್ ಬ್ಯಾಂಡುಗಳಲ್ಲಿ ಈ ಯೋಚನೆಗೆ ಅರ್ಥವಿದೆ. ಆದರೆ 7 ಮೆಗಾಹರ್ಟ್ಸ್‌ನಂತಹ ಶಾರ್ಟ್‌ವೇವ್ ಬ್ಯಾಂಡಿನಲ್ಲಿ, ದೂರದ ಗುಡುಗು ಮಿಂಚಿನಿಂದ ಹುಟ್ಟುವ ವಾತಾವರಣದ ಗದ್ದಲವೂ ಊರಿನ ವಿದ್ಯುತ್ ಉಪಕರಣಗಳ ಗದ್ದಲವೂ ಸೇರಿ ಆಂಟೆನಾದ ಮೂಲಕ ಒಳಬರುವ ಸದ್ದು, ರಿಸೀವರಿನ ಒಳಗೇ ಹುಟ್ಟುವ ಸದ್ದಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ. ಆಂಪ್ಲಿಫೈಯರ್ ಸೇರಿಸಿದರೆ ಬೇಕಾದ ಸಂಕೇತದ ಜೊತೆಗೆ ಬೇಡದ ಗದ್ದಲವೂ ಅಷ್ಟೇ ಪ್ರಮಾಣದಲ್ಲಿ ಬೆಳೆಯುತ್ತದೆ. ಎರಡರ ನಡುವಿನ ಅಂತರ ಇದ್ದಷ್ಟೇ ಇರುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ದುಬಾರಿ ಸಲಕರಣೆ ಬೇಕಿಲ್ಲ. ಎಜಿಸಿ, ಅಂದರೆ ಸದ್ದನ್ನು ತಾನಾಗಿ ಸಮತೂಗಿಸುವ ವ್ಯವಸ್ಥೆಯನ್ನು ನಿಲ್ಲಿಸಿ, ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ, ಸ್ಪೀಕರಿನ ಎರಡು ತುದಿಗಳಿಗೆ ಎಸಿ ವೋಲ್ಟ್‌ಮೀಟರ್ ಹಿಡಿಯಬೇಕು. ಆಂಟೆನಾ ಕಳಚಿ ಅದರ ಜಾಗದಲ್ಲಿ 50 ಓಮ್‌ನ ರೆಸಿಸ್ಟರ್ ಹಾಕಿದಾಗ ಮೀಟರಿನ ಓದು ಮೂರನೇ ಒಂದರಷ್ಟಕ್ಕೆ ಇಳಿದರೆ ವ್ಯತ್ಯಾಸ ಸುಮಾರು 10 ಡೆಸಿಬೆಲ್ (ಎರಡು ಬಲಗಳ ಅನುಪಾತದ ಅಳತೆ) ಎಂದರ್ಥ. ಆ ಸ್ಥಿತಿಯಲ್ಲಿ ರಿಸೀವರಿನ ಸ್ವಂತ ಗದ್ದಲದಿಂದ ಆಗುತ್ತಿರುವ ಹಾನಿ ಅರ್ಧ ಡೆಸಿಬೆಲ್ಲಿಗಿಂತಲೂ ಕಡಿಮೆ. ಅದನ್ನು ಪೂರ್ತಿಯಾಗಿ ಅಳಿಸಿದರೂ ಮನುಷ್ಯನ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಜಾಹೀರಾತುಗಳು ಇಂದಿಗೂ ಮೈಕ್ರೋವೋಲ್ಟ್‌ಗಳ ಲೆಕ್ಕದಲ್ಲಿ ಸೂಕ್ಷ್ಮತೆಯನ್ನೇ ಮೊದಲು ಹೇಳುತ್ತವಾದರೂ, ಶಾರ್ಟ್‌ವೇವ್ ಸೆಟ್ಟುಗಳ ಮಟ್ಟಿಗೆ ಆ ಸಮಸ್ಯೆ ದಶಕಗಳ ಹಿಂದೆಯೇ ಪರಿಹಾರವಾಗಿದೆ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕೇಳಿಸದಿರುವುದಕ್ಕೆ ಕಾರಣವೇನು? ಬಹುಪಾಲು ಸಂದರ್ಭಗಳಲ್ಲಿ ಕಾರಣ, ಪಕ್ಕದಲ್ಲಿರುವ ಪ್ರಬಲ ಕೇಂದ್ರಗಳು. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆಯೆಂದರೆ ಅಮೆರಿಕದ ಒಹಾಯೋ ರಾಜ್ಯದ ಆರ್. ಎಲ್. ಡ್ರೇಕ್ ಕಂಪನಿ 1973ರಲ್ಲಿ ಹೊರತಂದ ಆರ್-4ಸಿ ರಿಸೀವರ್. ಟಿ-4ಎಕ್ಸ್‌ಸಿ ಎಂಬ ಟ್ರಾನ್ಸ್‌ಮಿಟರಿನೊಂದಿಗೆ ತಂತಿಗಳಿಂದ ಜೋಡಿಸಿದರೆ ಎರಡೂ ಸೇರಿ ಒಂದೇ ಟ್ರಾನ್ಸೀವರಿನಂತೆ ಕೆಲಸ ಮಾಡುತ್ತಿದ್ದವು. ಅಂದಿನ ಪ್ರಯೋಗಾಲಯದ ಅಳತೆಗಳಲ್ಲಿ ಇದು ಒಳ್ಳೆಯ ಅಂಕಗಳನ್ನೇ ಪಡೆದಿತ್ತು. ಆದರೆ ಮೋರ್ಸ್ ಸ್ಪರ್ಧೆಗಳಲ್ಲಿ, ಕೆಲವೇ ಕಿಲೋಹರ್ಟ್ಸ್ ಜಾಗದಲ್ಲಿ ಹತ್ತಾರು ಪ್ರಬಲ ಕೇಂದ್ರಗಳು ಒತ್ತೊತ್ತಾಗಿ ಸೇರಿದಾಗ, 250 ಹರ್ಟ್ಸ್‌ನಷ್ಟು ಕಿರಿದಾದ ಫಿಲ್ಟರ್ ಹಾಕಿಕೊಂಡಿದ್ದರೂ ಈ ರಿಸೀವರಿನಲ್ಲಿ ಇಲ್ಲದ ಕೇಂದ್ರಗಳು ಕೇಳಿಸುತ್ತಿದ್ದವು, ಇರುವ ದುರ್ಬಲ ಕೇಂದ್ರಗಳು ಮುಚ್ಚಿಹೋಗುತ್ತಿದ್ದವು. ಅಂಕಪಟ್ಟಿ ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು ಹೇಳುತ್ತಿತ್ತು.

ಈ ವಿರೋಧಾಭಾಸದ ಬುಡ ಹಿಡಿದವರಲ್ಲಿ ಕೊಲೊರಾಡೋದ ಹ್ಯಾಮ್ ರಾಬ್ ಶೆರ್ವುಡ್ ಪ್ರಮುಖರು. ಅವರು 1977ರ ಡಿಸೆಂಬರಿನಲ್ಲಿ ಅಮೆರಿಕದ ಹ್ಯಾಮ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನ, ರಿಸೀವರುಗಳನ್ನು ಅಳೆಯುವ ಕ್ರಮವನ್ನೇ ಬದಲಿಸುವಂಥ ಪ್ರಶ್ನೆಯನ್ನು ಎತ್ತಿತು. ಅದನ್ನು ತಿಳಿಯಬೇಕಾದರೆ ರಿಸೀವರಿನೊಳಗೆ ಸಂಕೇತ ಸಾಗುವ ದಾರಿಯನ್ನು ಒಮ್ಮೆ ನೋಡಬೇಕು.

ಆಂಟೆನಾದಿಂದ ಬಂದ ಸಂಕೇತ ಮೊದಲ ಮಿಕ್ಸರಿನಲ್ಲಿ ರಿಸೀವರಿನ ಸ್ವಂತ ಆಸಿಲೇಟರಿನ ತರಂಗದೊಂದಿಗೆ ಬೆರೆತು, ಐಎಫ್ ಎಂದು ಕರೆಯುವ ಒಂದು ನಿಶ್ಚಿತ ಕಂಪನಾಂಕಕ್ಕೆ ಇಳಿಯುತ್ತದೆ ಅಥವಾ ಏರುತ್ತದೆ. ಕಂಪನಾಂಕ ನಿಶ್ಚಿತವಾದ್ದರಿಂದ ಅಲ್ಲಿ ಕ್ವಾರ್ಟ್ಜ್ ಹರಳುಗಳಿಂದ ಮಾಡಿದ ಕಿರಿದಾದ ಫಿಲ್ಟರ್ ಕೂರಿಸಲು ಸಾಧ್ಯವಾಗುತ್ತದೆ. ಆರ್-4ಸಿಯಲ್ಲಿ ಮೊದಲ ಐಎಫ್ 5645 ಕಿಲೋಹರ್ಟ್ಸ್. ಅಲ್ಲಿ ಒಂದು ಕ್ರಿಸ್ಟಲ್ ಫಿಲ್ಟರ್ ಇತ್ತು, ಆದರೆ ಅದರ ಅಗಲ 8 ಕಿಲೋಹರ್ಟ್ಸ್. ಅದರ ನಂತರ ಎರಡನೇ ಮಿಕ್ಸರ್, ಆ ಮಿಕ್ಸರಿನ ಆಚೆಗೆ ಬಳಕೆದಾರ ಆಯ್ದುಕೊಳ್ಳಬಹುದಾದ ಕಿರಿದಾದ ಫಿಲ್ಟರುಗಳು. ಅಂದರೆ 250 ಹರ್ಟ್ಸ್‌ನ ಫಿಲ್ಟರ್ ಹಾಕಿಕೊಂಡವನ ಕಿವಿಗೆ 250 ಹರ್ಟ್ಸ್‌ನಷ್ಟೇ ತಲುಪುತ್ತಿದ್ದರೂ, ಎರಡನೇ ಮಿಕ್ಸರ್ ಮಾತ್ರ 8 ಕಿಲೋಹರ್ಟ್ಸ್ ಅಗಲದಲ್ಲಿರುವ ಎಲ್ಲ ಕೇಂದ್ರಗಳ ಹೊಡೆತವನ್ನೂ ತಿನ್ನುತ್ತಿತ್ತು.

ಮಿಕ್ಸರಿಗೆ ಒಂದು ಮಿತಿಗಿಂತ ಹೆಚ್ಚು ಬಲದ ಎರಡು ಸಂಕೇತಗಳು ಒಟ್ಟಿಗೆ ಬಂದರೆ, ಅವೆರಡರ ಗುಣಕಗಳ ಮೊತ್ತ ಮತ್ತು ವ್ಯತ್ಯಾಸಗಳ ಕಂಪನಾಂಕಗಳಲ್ಲಿ ಹೊಸ ಸಂಕೇತಗಳು ಹುಟ್ಟುತ್ತವೆ. ಇವುಗಳಲ್ಲಿ ಅತ್ಯಂತ ಕಾಟ ಕೊಡುವುದು, ಮೊದಲನೆಯದರ ಎರಡರಷ್ಟರಲ್ಲಿ ಎರಡನೆಯದನ್ನು ಕಳೆದಾಗ ಬರುವ ಮೂರನೇ ದರ್ಜೆಯ ಉತ್ಪನ್ನ, ಏಕೆಂದರೆ ಅದು ಮೂಲ ಸಂಕೇತಗಳ ಪಕ್ಕದಲ್ಲಿಯೇ ಬಂದು ಕೂರುತ್ತದೆ. ನಾವು 7018 ಕಿಲೋಹರ್ಟ್ಸ್‌ನಲ್ಲಿ ಒಂದು ದುರ್ಬಲ ಕೇಂದ್ರವನ್ನು ಕೇಳುತ್ತಿದ್ದೇವೆ, 7019 ಮತ್ತು 7020ರಲ್ಲಿ ಎರಡು ಪ್ರಬಲ ಕೇಂದ್ರಗಳಿವೆ ಎಂದಿಟ್ಟುಕೊಳ್ಳೋಣ. 7019ರ ಎರಡರಷ್ಟು 14038. ಅದರಲ್ಲಿ 7020 ಕಳೆದರೆ 7018. ಸುಳ್ಳು ಸಂಕೇತ ನಾವು ಕೇಳುತ್ತಿರುವ ಜಾಗದಲ್ಲಿಯೇ ಹುಟ್ಟಿತು. ಹೀಗೆ ಹುಟ್ಟಿದ ಮೇಲೆ ಅದಕ್ಕೂ ನಿಜವಾದ ಸಂಕೇತಕ್ಕೂ ಯಾವ ಭೇದವೂ ಇಲ್ಲವಾದ್ದರಿಂದ, ಆಮೇಲೆ ಬರುವ 250 ಹರ್ಟ್ಸ್‌ನ ಫಿಲ್ಟರ್ ಎರಡನ್ನೂ ಒಟ್ಟಿಗೆ ಒಳಗೆ ಬಿಡುತ್ತದೆ. ರಾಗಿಯಲ್ಲಿ ಸೇರಿದ ಕಲ್ಲನ್ನು ಬೀಸುವ ಮೊದಲು ಆರಿಸಬೇಕು. ಬೀಸಿ ಹಿಟ್ಟಾದ ಮೇಲೆ ಎಷ್ಟು ಸಣ್ಣ ಜರಡಿ ಹಿಡಿದರೂ ಕಲ್ಲಿನ ಪುಡಿ ಹಿಟ್ಟಿನ ಜೊತೆಗೇ ಇಳಿಯುತ್ತದೆ.

ಪ್ರಯೋಗಾಲಯದ ಅಂಕಗಳು ಏಕೆ ಮೋಸ ಮಾಡಿದವು ಎಂಬುದೂ ಈಗ ತಿಳಿಯುತ್ತದೆ. ಆ ಕಾಲದ ಪರೀಕ್ಷೆಗಳಲ್ಲಿ ಎರಡು ಸಂಕೇತಗಳನ್ನು ಸಾಮಾನ್ಯವಾಗಿ 20 ಕಿಲೋಹರ್ಟ್ಸ್ ಅಂತರದಲ್ಲಿಡುತ್ತಿದ್ದರು. ಮೇಲಿನ ಉದಾಹರಣೆಗೆ ಅನ್ವಯಿಸಿದರೆ 7038 ಮತ್ತು 7058ರಲ್ಲಿ. ಇವೆರಡೂ 8 ಕಿಲೋಹರ್ಟ್ಸ್ ಫಿಲ್ಟರಿನ ಹೊರಗೇ ಉಳಿಯುವುದರಿಂದ ಎರಡನೇ ಮಿಕ್ಸರಿನ ದೌರ್ಬಲ್ಯ ಬಯಲಾಗುವ ಸಂದರ್ಭವೇ ಒದಗುತ್ತಿರಲಿಲ್ಲ. ಅಂತರವನ್ನು 2 ಕಿಲೋಹರ್ಟ್ಸ್‌ಗೆ ಇಳಿಸಿ ಅಳೆದರೆ ಚಿತ್ರವೇ ಬೇರೆ. ಇಂದು ರಿಸೀವರುಗಳ ಹೋಲಿಕೆಯಲ್ಲಿ 2 ಕಿಲೋಹರ್ಟ್ಸ್ ಅಂತರದ ಡೈನಮಿಕ್ ರೇಂಜ್ ಅನ್ನು (ಸುಳ್ಳು ಸಂಕೇತ ಹುಟ್ಟದಂತೆ ರಿಸೀವರ್ ಸಹಿಸಬಲ್ಲ ಬಲದ ವ್ಯಾಪ್ತಿಯನ್ನು) ಮುಖ್ಯ ಅಂಕವೆಂದು ನೋಡುವ ರೂಢಿ ಬೆಳೆದದ್ದು ಈ ಹಿನ್ನೆಲೆಯಿಂದ. ಶೆರ್ವುಡ್ ಅವರು ನಿರ್ವಹಿಸುತ್ತಿರುವ ಕೋಷ್ಟಕವನ್ನು ಹೊಸ ಸೆಟ್ಟು ಕೊಳ್ಳುವವರು ಈಗಲೂ ತಿರುವಿ ನೋಡುತ್ತಾರೆ.

ಮಾರ್ಪಾಡು ಹೇಳುವುದಕ್ಕೆ ಸರಳ. ಮೊದಲ ಐಎಫ್‌ನಲ್ಲಿದ್ದ 8 ಕಿಲೋಹರ್ಟ್ಸ್ ಫಿಲ್ಟರಿಗೆ ಬದಲಾಗಿ, ಮೋರ್ಸ್ ಕೇಳುವಾಗ, ಆರು ಹರಳುಗಳ 600 ಹರ್ಟ್ಸ್ ಫಿಲ್ಟರನ್ನು ಮಾರ್ಗಕ್ಕೆ ತರುವುದು. ಮೊದಲ ಮಿಕ್ಸರಿನ ಬೆನ್ನಿಗೇ ಕುಳಿತು ತನ್ನ ನಂತರದ ಹಂತಗಳನ್ನೆಲ್ಲ ಕಾಯುವ ಇಂಥ ಫಿಲ್ಟರನ್ನು ಹ್ಯಾಮ್‌ಗಳು ರೂಫಿಂಗ್ ಫಿಲ್ಟರ್ ಎನ್ನುತ್ತಾರೆ. ಅದರ ಪರಿಣಾಮ ನಿರೀಕ್ಷೆಗಿಂತ ದೊಡ್ಡದಾಗಿರುವುದಕ್ಕೆ ಒಂದು ಗಣಿತವಿದೆ. ಮೂರನೇ ದರ್ಜೆಯ ಉತ್ಪನ್ನದಲ್ಲಿ ಹತ್ತಿರದ ಸಂಕೇತ ಎರಡು ಸಲ, ದೂರದ ಸಂಕೇತ ಒಂದು ಸಲ ಪಾಲ್ಗೊಳ್ಳುತ್ತದೆ. ಹೊಸ ಫಿಲ್ಟರ್ 7019ರ ಸಂಕೇತವನ್ನು 20 ಡೆಸಿಬೆಲ್, 7020ರದ್ದನ್ನು 40 ಡೆಸಿಬೆಲ್ ತಗ್ಗಿಸಿತೆಂದುಕೊಂಡರೆ, ಎರಡನೇ ಮಿಕ್ಸರಿನಲ್ಲಿ ಹುಟ್ಟುವ ಸುಳ್ಳು ಸಂಕೇತ 20ರ ಎರಡರಷ್ಟು ಮತ್ತು 40 ಸೇರಿ ಒಟ್ಟು 80 ಡೆಸಿಬೆಲ್ ಕುಸಿಯುತ್ತದೆ. ಸಂಕೇತದ ಬಲ ತೋರಿಸುವ ಎಸ್-ಮೀಟರಿನಲ್ಲಿ ಒಂದು ಎಸ್ ಎಂದರೆ 6 ಡೆಸಿಬೆಲ್ ಎಂಬುದನ್ನು ನೆನೆದರೆ, ಇದು ಕೂಗಾಟವನ್ನು ನಿಶ್ಶಬ್ದವಾಗಿಸುವಷ್ಟು ದೊಡ್ಡ ಇಳಿಕೆ. ಬೇಕಾದ ಸಂಕೇತ ಮಾತ್ರ ಫಿಲ್ಟರಿನ ಸಹಜ ನಷ್ಟವಾದ ಕೆಲವು ಡೆಸಿಬೆಲ್ಲುಗಳನ್ನಷ್ಟೇ ಕಳೆದುಕೊಳ್ಳುತ್ತದೆ.

ಆದರೆ ಬೆಸುಗೆ ಕಡ್ಡಿ ಕೈಗೆತ್ತಿಕೊಂಡಾಗ ವಿಷಯ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಮೊದಲನೆಯದಾಗಿ, 600 ಹರ್ಟ್ಸ್ ಅಗಲ ಮಾತಿಗೆ ಸಾಲದು. ಹ್ಯಾಮ್‌ಗಳು ಮಾತಿಗೆ ಬಳಸುವ ಎಸ್‌ಎಸ್‌ಬಿ ವಿಧಾನದ ಪ್ರಸಾರ ಕೇಳಲು ಎರಡೂವರೆ ಕಿಲೋಹರ್ಟ್ಸ್‌ನಷ್ಟಾದರೂ ಬೇಕು. ಹಾಗಾಗಿ ಹಳೆಯ ಫಿಲ್ಟರನ್ನು ಕಿತ್ತೆಸೆಯದೆ, ಎರಡರ ನಡುವೆ ಬದಲಿಸುವ ಏರ್ಪಾಡು ಮಾಡಬೇಕಾಗುತ್ತದೆ. ಡಯೋಡುಗಳಿಂದ ಬದಲಿಸುವುದು ಅಗ್ಗ ಮತ್ತು ಅಚ್ಚುಕಟ್ಟು. ಆದರೆ ಸಾಕಷ್ಟು ವಿದ್ಯುತ್ ಹರಿಯದ ಡಯೋಡು ತಾನೇ ಒಂದು ಮಿಕ್ಸರಿನಂತೆ ವರ್ತಿಸಿ, ಯಾವ ರೋಗಕ್ಕೆ ಮದ್ದು ಮಾಡುತ್ತಿದ್ದೇವೆಯೋ ಅದನ್ನೇ ಇನ್ನೊಂದು ಬಾಗಿಲಿನಿಂದ ಒಳಗೆ ಕರೆಯುತ್ತದೆ. ಈ ಜಾಗದಲ್ಲಿ ಸಣ್ಣ ರಿಲೇಗಳೇ ಮೇಲು.

ಎರಡನೆಯದು ಸೋರಿಕೆ. ಆರು ಹರಳುಗಳ ಒಳ್ಳೆಯ ಫಿಲ್ಟರ್, ತನ್ನ ಪಟ್ಟಿಯ ಹೊರಗಿನದನ್ನು 70 ಡೆಸಿಬೆಲ್ಲಿಗೂ ಮೀರಿ ತಡೆಯಬಲ್ಲದು. ಅದರ ಒಳಬದಿಯ ತಂತಿಯೂ ಹೊರಬದಿಯ ತಂತಿಯೂ ಒಂದು ಬೆರಳಿನ ಅಂತರದಲ್ಲಿ ಸಮಾನಾಂತರವಾಗಿ ಸಾಗಿದರೆ, ಸಂಕೇತ ಫಿಲ್ಟರನ್ನು ಹಾಯದೆ ಗಾಳಿಯಲ್ಲೇ ಜಿಗಿದು ಆಚೆ ಸೇರುತ್ತದೆ. ಆದ್ದರಿಂದ ಎರಡೂ ಕಡೆ ತೆಳುವಾದ ಕೋಆಕ್ಸಿಯಲ್ ಕೇಬಲ್ ಬಳಸಿ, ಅದರ ಹೊರಹೊದಿಕೆಯನ್ನು ಫಿಲ್ಟರಿನ ಲೋಹದ ಡಬ್ಬಿಯ ಬುಡದಲ್ಲೇ ಭೂಸಂಪರ್ಕಕ್ಕೆ ಬೆಸೆಯಬೇಕು. ರಿಲೇಯ ತೆರೆದ ಸಂಪರ್ಕಗಳ ಮೂಲಕ ಆಗುವ ಸೋರಿಕೆಯನ್ನು ತಡೆಯಲು, ಬಳಕೆಯಲ್ಲಿಲ್ಲದ ಫಿಲ್ಟರಿನ ಎರಡೂ ತುದಿಗಳನ್ನು ಭೂಸಂಪರ್ಕಕ್ಕೆ ಜೋಡಿಸಬೇಕು. ಫಿಲ್ಟರಿನ ಎರಡೂ ಬದಿಗೆ ಅದು ಬಯಸುವ ಇಂಪೀಡೆನ್ಸ್ (ಎಸಿ ಪ್ರವಾಹಕ್ಕೆ ಒಡ್ಡುವ ತಡೆ) ಸಿಗುವಂತೆ ನೋಡಿಕೊಳ್ಳುವುದೂ ಇಷ್ಟೇ ಮುಖ್ಯ. ಇಂಪೀಡೆನ್ಸ್ ತಪ್ಪಿದರೆ ಫಿಲ್ಟರಿನ ಚಪ್ಪಟೆ ನೆತ್ತಿ ಏರುತಗ್ಗಾಗುತ್ತದೆ, ನಷ್ಟವೂ ಹೆಚ್ಚುತ್ತದೆ. ಆರ್-4ಸಿ ವಾಲ್ವುಗಳ ಸೆಟ್ಟಾದ್ದರಿಂದ ಒಳಗೆ ನೂರು ವೋಲ್ಟಿಗೂ ಮೀರಿದ ಡಿಸಿ ಇರುತ್ತದೆ ಮತ್ತು ವಿದ್ಯುತ್ ಕಡಿದ ಮೇಲೂ ಕೆಪ್ಯಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ ಎಂಬುದನ್ನು ಹೊಸ ತಲೆಮಾರಿನವರಿಗೆ ಬಿಡಿಸಿಯೇ ಹೇಳಬೇಕು.

ಮೂರನೆಯದು ಒಂದು ಕೊಡುಕೊಳ್ಳುವಿಕೆ. ಬೈಕಿನ ಇಗ್ನಿಷನ್ನಿನಂಥ ಚಟಪಟ ಸದ್ದನ್ನು ಕತ್ತರಿಸುವ ನಾಯ್ಸ್ ಬ್ಲ್ಯಾಂಕರಿಗೆ ಆ ಸದ್ದಿನ ತುಣುಕು ಚಿಕ್ಕದಾಗಿ, ಚೂಪಾಗಿ ಸಿಗಬೇಕು. ಕಿರಿದಾದ ಫಿಲ್ಟರಿನ ಮೂಲಕ ಹಾಯ್ದ ತುಣುಕು ಹಿಗ್ಗಿ ಉದ್ದವಾಗುತ್ತದೆ. ಅದನ್ನು ಕತ್ತರಿಸಹೊರಟರೆ ಬೇಕಾದ ಸಂಕೇತವೂ ತುಂಡಾಗುತ್ತದೆ. ಬ್ಲ್ಯಾಂಕರ್ ಇರುವುದು ಹೊಸ ಫಿಲ್ಟರಿನ ನಂತರವಾದರೆ ಅದರ ಉಪಯೋಗ ಕುಗ್ಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಇಷ್ಟೆಲ್ಲ ಶ್ರಮಕ್ಕೆ ಆರ್-4ಸಿ ತಕ್ಕ ಪ್ರತಿಫಲ ಕೊಟ್ಟದ್ದಕ್ಕೆ ಒಂದು ಅಡಗಿದ ಕಾರಣವಿದೆ: ಅದರ ಆಸಿಲೇಟರು ಶುದ್ಧವಾಗಿತ್ತು. ಯಾವ ಆಸಿಲೇಟರೂ ಒಂದೇ ಒಂದು ಕಂಪನಾಂಕವನ್ನು ಉತ್ಪಾದಿಸುವುದಿಲ್ಲ. ಅದರ ಎರಡೂ ಪಕ್ಕಕ್ಕೆ ಸಣ್ಣಗೆ ಗದ್ದಲದ ಸೆರಗು ಹರಡಿರುತ್ತದೆ. ಪಕ್ಕದ ಪ್ರಬಲ ಕೇಂದ್ರ ಈ ಸೆರಗಿನೊಂದಿಗೆ ಬೆರೆತು ನಾವು ಕೇಳುವ ಜಾಗದಲ್ಲಿ ಬುಸುಗುಡುವ ಸದ್ದನ್ನು ತುಂಬುತ್ತದೆ. ಇದು ಮೊದಲ ಮಿಕ್ಸರಿನಲ್ಲಿಯೇ, ಅಂದರೆ ಯಾವ ಐಎಫ್ ಫಿಲ್ಟರಿಗೂ ಮೊದಲೇ ನಡೆಯುವುದರಿಂದ ಅದಕ್ಕೆ ರೂಫಿಂಗ್ ಫಿಲ್ಟರಿನಲ್ಲಿ ಪರಿಹಾರವಿಲ್ಲ. ಡ್ರೇಕ್ ಸೆಟ್ಟಿನಲ್ಲಿದ್ದದ್ದು ಸುರುಳಿಯೊಳಗೆ ತಿರುಳು ಸರಿದಾಡುವ, ಒಂದು ಆಧಾರ ಕಂಪನಾಂಕದಿಂದ ಬೇರೆ ಕಂಪನಾಂಕಗಳನ್ನು ಹುಟ್ಟಿಸುವ ಸಿಂಥಸೈಸರಿನ ಗೊಡವೆಯಿಲ್ಲದ ಹಳೆಯ ಬಗೆಯ ಆಸಿಲೇಟರ್. ನಂತರ ಬಂದ ಮೊದಮೊದಲ ಸಿಂಥಸೈಸರ್ ಸೆಟ್ಟುಗಳು ಹಲವು ಈ ವಿಷಯದಲ್ಲಿ ಅದಕ್ಕಿಂತ ಕಳಪೆಯಾಗಿದ್ದವು; ಅಂಥವಕ್ಕೆ ಎಷ್ಟೇ ಒಳ್ಳೆಯ ಫಿಲ್ಟರ್ ಹಾಕಿದರೂ ಹಣ ವ್ಯರ್ಥ.

ಅದೇ ಸೆಟ್ಟುಗಳು ಇನ್ನೊಂದು ಕಷ್ಟವನ್ನೂ ತಂದವು. 1980ರ ದಶಕದ ಹೊತ್ತಿಗೆ ಗ್ರಾಹಕರಿಗೆ ಹ್ಯಾಮ್ ಬ್ಯಾಂಡುಗಳಷ್ಟೇ ಅಲ್ಲದೆ ಇಡೀ ಶಾರ್ಟ್‌ವೇವ್ ಕೇಳಿಸುವ ಟ್ರಾನ್ಸೀವರ್ ಬೇಕಾಯಿತು. ಅದಕ್ಕೆ ಅನುಕೂಲವಾಗುವಂತೆ ತಯಾರಕರು ಮೊದಲ ಐಎಫ್ ಅನ್ನು 45 ಅಥವಾ 70 ಮೆಗಾಹರ್ಟ್ಸ್ ಆಸುಪಾಸಿಗೆ ಏರಿಸಿದರು. ಅಷ್ಟು ಎತ್ತರದಲ್ಲಿ ಕಿರಿದಾದ ಹರಳಿನ ಫಿಲ್ಟರ್ ಮಾಡುವುದು ಬಹಳ ಕಷ್ಟ. ಆರ್-4ಸಿಯ 600 ಹರ್ಟ್ಸ್ ಫಿಲ್ಟರಿನ ಅಗಲ ಅದರ ಕಂಪನಾಂಕದ ಶೇಕಡಾ 0.01ರಷ್ಟು. ಜಪಾನಿನ ಯೇಸು ಕಂಪನಿಯ ಪ್ರಸಿದ್ಧ ಎಫ್‌ಟಿ-1000ಎಂಪಿಯ ಮೊದಲ ಐಎಫ್ 70.455 ಮೆಗಾಹರ್ಟ್ಸ್, ಅಲ್ಲಿ 500 ಹರ್ಟ್ಸ್ ಬೇಕೆಂದರೆ ಅದು ಶೇಕಡಾ 0.0007. ಆದ್ದರಿಂದ ಇಂಥ ಸೆಟ್ಟುಗಳಲ್ಲಿ ಮೊದಲ ಫಿಲ್ಟರಿನ ಅಗಲ 15 ಕಿಲೋಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿರುವುದು ವಾಡಿಕೆಯಾಯಿತು. ಆರ್-4ಸಿಯಲ್ಲಿ ಬಯಲಾಗಿದ್ದ ದೋಷವನ್ನು ಹೀಗೆ ಇಡೀ ಉದ್ಯಮವೇ ಇನ್ನಷ್ಟು ಅಗಲಮಾಡಿ ಮರಳಿ ತಂದುಕೊಂಡಿತು.

ಎಫ್‌ಟಿ-1000ಎಂಪಿಗೆ ಅಮೆರಿಕದ ಇನ್‌ರಾಡ್ ಸಂಸ್ಥೆ ಸುಮಾರು 4 ಕಿಲೋಹರ್ಟ್ಸ್ ಅಗಲದ ರೂಫಿಂಗ್ ಫಿಲ್ಟರಿನ ಒಂದು ಪುಟ್ಟ ಬೋರ್ಡನ್ನು ಮಾರುತ್ತಿತ್ತು. ಫಿಲ್ಟರಿನ ನಷ್ಟವನ್ನು ತುಂಬಲು ಆಂಪ್ಲಿಫೈಯರ್ ಕೂಡ ಅದರಲ್ಲೇ ಇತ್ತು. ಇದರಿಂದ 5 ಕಿಲೋಹರ್ಟ್ಸ್ ಆಚೆಗಿನ ಪ್ರಬಲ ಕೇಂದ್ರಗಳ ಕಾಟ ಚೆನ್ನಾಗಿ ತಗ್ಗುತ್ತದೆ. ಆದರೆ 4 ಕಿಲೋಹರ್ಟ್ಸ್ ಎಂದರೆ ಮಧ್ಯದಿಂದ ಎರಡೂ ಕಡೆಗೆ ಎರಡೆರಡು. ಒಂದು ಕಿಲೋಹರ್ಟ್ಸ್ ಪಕ್ಕದಲ್ಲಿ ಮೋರ್ಸ್ ಕುಟ್ಟುವವನು ಇನ್ನೂ ಫಿಲ್ಟರಿನ ಒಳಗೇ ಇರುತ್ತಾನೆ. ಮಾತಾಡುವವರಿಗೆ ಈ ಮಾರ್ಪಾಡು ಯೋಗ್ಯ, ಮೋರ್ಸ್ ಸ್ಪರ್ಧಿಗಳಿಗೆ ಅರ್ಧ ಪರಿಹಾರ ಎಂದು ಹೇಳಬಹುದು. ಪೂರ್ಣ ಪರಿಹಾರ ಕಾರ್ಖಾನೆಯಿಂದಲೇ ಬರಬೇಕಾಯಿತು: 2003ರ ಟೆನ್-ಟೆಕ್ ಓರಿಯನ್ ಮತ್ತು ಕೆಲವು ವರ್ಷಗಳ ನಂತರದ ಎಲೆಕ್ರಾಫ್ಟ್ ಕೆ3, ಮೊದಲ ಐಎಫ್ ಅನ್ನು ಮತ್ತೆ 8–9 ಮೆಗಾಹರ್ಟ್ಸ್‌ಗೆ ಇಳಿಸಿ, ನೂರಾರು ಹರ್ಟ್ಸ್ ಅಗಲದ ರೂಫಿಂಗ್ ಫಿಲ್ಟರುಗಳನ್ನು ಕೂರಿಸಿದವು.

ನಮ್ಮ ಕಡೆಯ ಹ್ಯಾಮ್‌ಗಳಿಗೆ ಇಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಕಟ್ಟಬಹುದಾದಂತೆ ರೂಪಿಸಿದ ಬಿಟ್‌ಎಕ್ಸ್ ಟ್ರಾನ್ಸೀವರಿನಲ್ಲಿ ಮಾತಿಗೆ ಬೇಕಾದಷ್ಟೇ ಅಗಲದ ಕ್ರಿಸ್ಟಲ್ ಫಿಲ್ಟರ್, ಮಿಕ್ಸರ್ ಮತ್ತು ಒಂದು ಆಂಪ್ಲಿಫೈಯರ್ ಹಂತದ ಬೆನ್ನಿಗೇ ಬರುತ್ತದೆ. ಒಂದೇ ಐಎಫ್, ಒಂದೇ ಫಿಲ್ಟರ್. ಅಂದರೆ ಅಗ್ಗದ ಈ ಸೆಟ್ಟಿನಲ್ಲಿ ಫಿಲ್ಟರಿನ ಜಾಗ, ಬೆಲೆಬಾಳುವ ಅನೇಕ ಹಳೆಯ ಸೆಟ್ಟುಗಳಿಗಿಂತ ಸರಿಯಾಗಿದೆ. ಇಡೀ ಶಾರ್ಟ್‌ವೇವ್ ವ್ಯಾಪ್ತಿಗಾಗಿ ಅವರೇ ರೂಪಿಸಿದ ಮೈಕ್ರೋಬಿಟ್‌ಎಕ್ಸ್‌ನಲ್ಲಿ ಮೊದಲ ಐಎಫ್ 45 ಮೆಗಾಹರ್ಟ್ಸ್‌ಗೆ ಏರಿದೆ. ಅದರ ಜೊತೆಗೆ ಅಗಲದ ಮೊದಲ ಫಿಲ್ಟರ್ ಎಂಬ ಹಳೆಯ ರಾಜಿಯೂ ಬಂದಿದೆ.

40 ಮೀಟರ್ ಬ್ಯಾಂಡಿನ ಬಿಟ್‌ಎಕ್ಸ್-40ಕ್ಕೆ ಬೇಕಾದ ಮಾರ್ಪಾಡುಗಳು ಬೇರೆ ಬಗೆಯವು. ಮೂಲ ಬೋರ್ಡಿನಲ್ಲಿ ಎಜಿಸಿ ಇಲ್ಲ. ಅದೇ ಊರಿನ ಇನ್ನೊಬ್ಬ ಹ್ಯಾಮ್ ಮಾತಾಡತೊಡಗಿದರೆ ಹೆಡ್‌ಫೋನ್ ಕಿತ್ತೆಸೆಯಬೇಕೆನಿಸುತ್ತದೆ. ಜೊತೆಗೆ ನಮ್ಮ ಹ್ಯಾಮ್ ಬ್ಯಾಂಡು 7.2 ಮೆಗಾಹರ್ಟ್ಸ್‌ಗೆ ಮುಗಿದಲ್ಲೇ 41 ಮೀಟರಿನ ಪ್ರಸಾರ ಕೇಂದ್ರಗಳು ಆರಂಭವಾಗುತ್ತವೆ. ಸಂಜೆಯಾದ ಮೇಲೆ ಅವುಗಳ ಬಲಕ್ಕೆ ಫಿಲ್ಟರಿಗಿಂತ ಮೊದಲು ಬರುವ ಆಂಪ್ಲಿಫೈಯರ್ ಮತ್ತು ಮಿಕ್ಸರು ತತ್ತರಿಸುತ್ತವೆ. ಇಲ್ಲಿ ಅತ್ಯುತ್ತಮ ಸುಧಾರಣೆಯೆಂದರೆ 10 ಡೆಸಿಬೆಲ್ಲಿನ ಒಂದು ಅಟೆನ್ಯುಯೇಟರ್, ಅಂದರೆ ಸಂಕೇತವನ್ನು ತಗ್ಗಿಸುವ ಮೂರು ರೆಸಿಸ್ಟರುಗಳು. ಸಂಕೇತ 10 ಡೆಸಿಬೆಲ್ ತಗ್ಗಿದರೆ ಮೂರನೇ ದರ್ಜೆಯ ಉತ್ಪನ್ನಗಳು 30 ಡೆಸಿಬೆಲ್ ತಗ್ಗುತ್ತವೆ. ಗದ್ದಲವೂ ಸಂಕೇತದ ಜೊತೆಗೇ ಇಳಿಯುವುದರಿಂದ ಕೇಳುವುದಕ್ಕೆ ನಷ್ಟವಿಲ್ಲ. ಆಕಾಶವಾಣಿಯ ಮಧ್ಯಮ ತರಂಗದ ಟ್ರಾನ್ಸ್‌ಮಿಟರಿಗೆ ಹತ್ತಿರ ವಾಸಿಸುವವರು, ಉದಾಹರಣೆಗೆ ಬೆಂಗಳೂರಿನ 612 ಕಿಲೋಹರ್ಟ್ಸ್‌ನ ಪ್ರಸಾರ ಬಲವಾಗಿರುವ ಕಡೆ ಇರುವವರು, 1.8 ಮೆಗಾಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರ್ ಒಂದನ್ನೂ ಸೇರಿಸಿಕೊಳ್ಳಬಹುದು. ಇವೆರಡನ್ನೂ ಹಾಕಬೇಕಾದ್ದು ರಿಸೀವಿಂಗ್ ಮಾರ್ಗದಲ್ಲಿ ಮಾತ್ರ, ಅಂದರೆ ಪ್ರಸಾರ ಮತ್ತು ಗ್ರಹಣಗಳ ನಡುವೆ ಬದಲಿಸುವ ರಿಲೇಯ ಒಳಬದಿಗೆ. ಆಂಟೆನಾ ಸಾಕೆಟ್ಟಿನ ಬಳಿಯೇ ಹಾಕಿದರೆ ಮಾತಾಡಲು ಇರುವ ಪಿಟಿಟಿ ಗುಂಡಿ ಒತ್ತಿದೊಡನೆ ಪ್ರಸಾರದ ಶಕ್ತಿಯೆಲ್ಲ ಕಾಲು ವಾಟಿನ ರೆಸಿಸ್ಟರುಗಳಲ್ಲಿ ಉರಿದುಹೋಗುತ್ತದೆ.

ಐಕಾಮ್ ಕಂಪನಿಯ ಐಸಿ-7300ರಂತಹ, ಆಂಟೆನಾದ ಸಂಕೇತವನ್ನು ನೇರವಾಗಿ ಅಂಕಿಗಳಾಗಿ ಬದಲಿಸುವ ಹೊಸ ಸೆಟ್ಟುಗಳಲ್ಲಿ ಐಎಫ್ ಹಂತವೇ ಇಲ್ಲ, ಹಾಗಾಗಿ ರೂಫಿಂಗ್ ಫಿಲ್ಟರಿಗೆ ಜಾಗವೂ ಇಲ್ಲ. ಅಲ್ಲಿ ಅಂಕೀಕರಣದ ಚಿಪ್ಪಿಗೆ ತಲುಪುವ ಒಟ್ಟು ಬಲ ಅದರ ಮಿತಿ ಮೀರದಂತೆ ನೋಡಿಕೊಳ್ಳಬೇಕು. ಅದಕ್ಕೆ ಉಳಿದಿರುವ ಉಪಾಯಗಳು ಮುಂಬದಿಯ ಬ್ಯಾಂಡ್‌ಪಾಸ್ ಫಿಲ್ಟರ್ ಮತ್ತು ಅಟೆನ್ಯುಯೇಟರ್.

ಯಾವ ಸೆಟ್ಟಾದರೂ ಬೆಸುಗೆಗೆ ಮೊದಲು ಮತ್ತು ನಂತರ ಒಂದೇ ರೀತಿಯಲ್ಲಿ ಅಳೆದು ಬರೆದಿಟ್ಟುಕೊಳ್ಳುವುದು ಅಗತ್ಯ. ಎಸ್-9ಕ್ಕೆ ಸಮಾನವಾದ 50 ಮೈಕ್ರೋವೋಲ್ಟ್ ಸಂಕೇತವನ್ನು ಜನರೇಟರಿನಿಂದ ಕೊಟ್ಟು ಎಸ್-ಮೀಟರ್ ಎಷ್ಟು ತೋರಿಸುತ್ತದೆಂದು ನೋಡಿದರೆ ಫಿಲ್ಟರಿನ ನಷ್ಟ ತುಂಬಿದೆಯೇ ಎಂಬುದು ತಿಳಿಯುತ್ತದೆ. ಜನರೇಟರ್ ಇಲ್ಲದವರು ಸುಳ್ಳು ಸಂಕೇತವೊಂದನ್ನು ಹಿಡಿದುಕೊಂಡು ಅಟೆನ್ಯುಯೇಟರಿನ ಗುಂಡಿ ಒತ್ತಬಹುದು. ನಿಜವಾದ ಕೇಂದ್ರವಾಗಿದ್ದರೆ ಅದು ಅಟೆನ್ಯುಯೇಟರಿನಷ್ಟೇ ಇಳಿಯುತ್ತದೆ, ಸೆಟ್ಟಿನೊಳಗೆ ಹುಟ್ಟಿದ್ದಾದರೆ ಅದರ ಮೂರರಷ್ಟು ಕುಸಿಯುತ್ತದೆ. ಗುಂಡಿ ಒತ್ತಿದಾಗ ಕೇಂದ್ರವೂ ಗದ್ದಲವೂ ಒಂದೇ ಸಮನಾಗಿ ಇಳಿದರೆ ಆ ಗದ್ದಲ ಹೊರಗಿನಿಂದ, ಬಹುಶಃ ಅದೇ ಮನೆಯ ಎಲ್‌ಇಡಿ ಬಲ್ಬಿನಿಂದಲೋ ಮೊಬೈಲ್ ಚಾರ್ಜರಿನಿಂದಲೋ ಬರುತ್ತಿದೆ; ಆಗ ಸೆಟ್ಟನ್ನು ಬಿಚ್ಚುವ ಅಗತ್ಯವಿಲ್ಲ, ಒಂದೊಂದಾಗಿ ಸ್ವಿಚ್ಚುಗಳನ್ನು ಆರಿಸುತ್ತ ಹೋದರೆ ಸಾಕು.